ತೋಟಾದ ಉದ್ದ: ಕೋಷ್ಟಕ ಹೇಳುವುದು, ಹೇಳದೆ ಬಿಡುವುದು

ಪ್ರಯೋಗಶಾಲೆಯಲ್ಲಿ ಕೋಷ್ಟಕಗಳನ್ನು ಬಳಸದ ವಿದ್ಯಾರ್ಥಿ ಇಲ್ಲ. ಲಾಗರಿತಮ್ ಕೋಷ್ಟಕ, ಸಾಂದ್ರತೆಯ ಕೋಷ್ಟಕ, ವಕ್ರೀಭವನ ಸೂಚ್ಯಂಕದ ಕೋಷ್ಟಕ. ಅಡ್ಡಸಾಲು, ಕಂಬಸಾಲು ಕೂಡುವ ಜಾಗದಲ್ಲಿ ಬೆರಳಿಟ್ಟು ಅಲ್ಲಿರುವ ಅಂಕಿಯನ್ನು ಬರೆದುಕೊಳ್ಳುತ್ತೇವೆ. ಆ ಅಂಕಿ ಏನನ್ನು ಹೇಳುತ್ತಿದೆ ಎಂದು ಕೇಳುವ ಅಭ್ಯಾಸ ನಮಗೆ ಕಡಿಮೆ. ಅದು ಗರಿಷ್ಠ ಮಿತಿಯೇ, ಕನಿಷ್ಠ ಮಿತಿಯೇ, ಅಥವಾ ಒಂದು ದಿನ ಒಂದು ಪ್ರಯೋಗದಲ್ಲಿ ದೊರೆತ ಅಳತೆಯೇ? ಈ ಪ್ರಶ್ನೆ ಕೇಳದಿದ್ದರೆ ಪ್ರಯೋಗಶಾಲೆಯಲ್ಲಿ ಹೆಚ್ಚೆಂದರೆ ಒಂದೆರಡು ಅಂಕ ಹೋಗಬಹುದು. ಆದರೆ ಈ ಪ್ರಶ್ನೆ ಕೇಳದಿದ್ದರೆ ಬೆರಳು, ಕಣ್ಣು ಹೋಗುವ ಕ್ಷೇತ್ರವೂ ಒಂದಿದೆ. ಆ ಕ್ಷೇತ್ರದ ಕೋಷ್ಟಕಗಳನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳಲಾಗಿದೆ.

ಅಮೆರಿಕದಲ್ಲಿ ಗುರಿಗಾರಿಕೆಯ ಹವ್ಯಾಸಿಗಳು ಬಳಸಿದ ಪಿಸ್ತೂಲಿನ ತೋಟಾ (ಕಾಡತೂಸು) ಚಿಪ್ಪುಗಳನ್ನು ಎಸೆಯದೆ, ಅವಕ್ಕೆ ಮತ್ತೆ ಮದ್ದು ಮತ್ತು ಗುಂಡು ತುಂಬಿ ಬಳಸುವುದು ಬಹಳ ಹಿಂದಿನಿಂದ ನಡೆದುಬಂದಿದೆ. ಇದಕ್ಕೆ ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಈ ಕೆಲಸಕ್ಕೆಂದೇ ದಪ್ಪ ದಪ್ಪ ಕೈಪಿಡಿಗಳು ಅಚ್ಚಾಗುತ್ತವೆ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಆದ್ದರಿಂದ ಈ ಲೇಖನ ತಯಾರಿಕೆಯ ಮಾರ್ಗದರ್ಶಿ ಅಲ್ಲ. ಎಷ್ಟು ಮದ್ದು ಎಂಬ ಅಂಕಿಯೂ ಇಲ್ಲಿಲ್ಲ. ನಮ್ಮ ಗಮನ ಆ ಕೈಪಿಡಿಗಳಲ್ಲಿ ಬರುವ ಒಂದೇ ಒಂದು ಅಂಕಿಯ ಮೇಲೆ: ತೋಟಾದ ಒಟ್ಟು ಉದ್ದ. ಅನಿಲದ ಒತ್ತಡ, ಗಾತ್ರ, ದಹನದ ವೇಗ, ಅಳತೆಯ ನಿಖರತೆ ಇವೆಲ್ಲ ಆ ಒಂದು ಅಂಕಿಯಲ್ಲಿ ಸೇರಿಕೊಂಡಿವೆ. ಹಾಗಾಗಿ ಭೌತಶಾಸ್ತ್ರ ಕಲಿಸುವವರಿಗೂ ಕಲಿಯುವವರಿಗೂ ಇದು ಉಪಯುಕ್ತ ಉದಾಹರಣೆ.

ತೋಟಾದ ರಚನೆ

ಪಿಸ್ತೂಲಿನ ತೋಟಾದಲ್ಲಿ ನಾಲ್ಕು ಭಾಗಗಳಿವೆ. ಹಿತ್ತಾಳೆಯ ಚಿಪ್ಪು, ಅದರ ಬುಡದಲ್ಲಿ ಪ್ರೈಮರ್ ಎಂಬ ಕಿಡಿ ಕೊಡುವ ಪುಟ್ಟ ಬಟ್ಟಲು, ಒಳಗೆ ಹೊಗೆರಹಿತ ಮದ್ದು, ಬಾಯಲ್ಲಿ ಬಿಗಿಯಾಗಿ ಕೂತ ಗುಂಡು. ಚಿಪ್ಪಿನ ಬುಡದಿಂದ ಗುಂಡಿನ ಮೂತಿಯ ತುದಿಯವರೆಗಿನ ಅಳತೆಯೇ ಒಟ್ಟು ಉದ್ದ. ಇದನ್ನು ಕ್ಯಾಲಿಪರ್‌ನಿಂದ ಸುಲಭವಾಗಿ ಅಳೆಯಬಹುದು. ಗುಂಡನ್ನು ಚಿಪ್ಪಿನೊಳಗೆ ಒತ್ತುವ ಸಾಧನದ ತಿರುಪನ್ನು ಸ್ವಲ್ಪ ತಿರುಗಿಸಿದರೆ ಈ ಉದ್ದ ಬದಲಾಗುತ್ತದೆ. ಅಂದರೆ ಇದನ್ನು ನಿರ್ಧರಿಸುವವರು ತೋಟಾ ತುಂಬುವವರೇ.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 9 ಮಿ.ಮೀ. ಪ್ಯಾರಾಬೆಲ್ಲಮ್ ತೋಟಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜಾರ್ಜ್ ಲೂಗರ್ 1902ರಲ್ಲಿ ರೂಪಿಸಿದ ಇದರ ಚಿಪ್ಪಿನ ಗರಿಷ್ಠ ಉದ್ದ 19.15 ಮಿ.ಮೀ. ತೋಟಾದ ಗರಿಷ್ಠ ಒಟ್ಟು ಉದ್ದ 29.69 ಮಿ.ಮೀ. ಅಮೆರಿಕದ ತಯಾರಕರ ಮಾನಕ ಸಂಸ್ಥೆಯಾದ ಸಾಮಿ (ಸ್ಥಾಪನೆ 1926) ಇದಕ್ಕೆ ನಿಗದಿ ಮಾಡಿರುವ ಗರಿಷ್ಠ ಸರಾಸರಿ ಒತ್ತಡ ಚದರ ಅಂಗುಲಕ್ಕೆ 35,000 ಪೌಂಡ್. ಇದು ವಾತಾವರಣದ ಒತ್ತಡದ ಎರಡು ಸಾವಿರ ಪಟ್ಟಿಗಿಂತ ಹೆಚ್ಚು. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಅವಧಿಯಲ್ಲಿ ಒತ್ತಡ ಈ ಶಿಖರಕ್ಕೆ ಏರಿ ಇಳಿಯುತ್ತದೆ.

29.69 ಎಂಬ ಅಂಕಿಯನ್ನು ಏಕೆ ಇಟ್ಟಿದ್ದಾರೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಯಾವ ಕಾರ್ಖಾನೆಯ ತೋಟಾ ಆದರೂ ಯಾವ ಕಾರ್ಖಾನೆಯ ಪಿಸ್ತೂಲಿನ ಮ್ಯಾಗಜಿನ್‌ಗೂ ಹೊಂದಿಕೊಳ್ಳಬೇಕು ಎಂಬುದು ಅದರ ಉದ್ದೇಶ. ಅದು ಹೊಂದಿಕೆಯ ಮಿತಿ. ಆ ಉದ್ದದಲ್ಲಿ ಯಾವ ಗುಂಡನ್ನು ಕೂರಿಸಿದರೂ ಕ್ಷೇಮ ಎಂಬ ಭರವಸೆ ಅದರಲ್ಲಿಲ್ಲ. ಬಸ್ಸಿನ ಮೇಲೆ ಬರೆದ ಗರಿಷ್ಠ ವೇಗ ಆಗುಂಬೆ ಘಾಟಿಯ ತಿರುವಿಗೂ ಅನ್ವಯಿಸುತ್ತದೆ ಎಂದು ಯಾವ ಚಾಲಕನೂ ತಿಳಿಯುವುದಿಲ್ಲವಷ್ಟೆ.

ಮೂರು ಕೈಪಿಡಿ, ಮೂರು ಅರ್ಥ

ಈಗ ಕೈಪಿಡಿಗಳ ಕಡೆ ತಿರುಗೋಣ. ಹೆಚ್ಚು ಬಳಕೆಯಲ್ಲಿರುವ ಮೂರನ್ನು ನೋಡಿದರೆ ಸಾಕು.

ಮೊದಲನೆಯದು ಲೈಮನ್ ಕೈಪಿಡಿ. ಇದರಲ್ಲಿ ಪ್ರತಿಯೊಂದು ಗುಂಡಿಗೂ ಪ್ರತ್ಯೇಕ ಕೋಷ್ಟಕ ಇದೆ. ಯಾವ ಗುಂಡು ಎಂಬ ಹೆಸರು, ಪರೀಕ್ಷೆಯಲ್ಲಿ ಬಳಸಿದ ಒಟ್ಟು ಉದ್ದ, ಮದ್ದಿನ ಕನಿಷ್ಠ ಹಾಗೂ ಗರಿಷ್ಠ ಪ್ರಮಾಣ, ವೇಗ ಮತ್ತು ಒತ್ತಡ ಎಲ್ಲವೂ ದೊರೆಯುತ್ತವೆ. ಒತ್ತಡವನ್ನು ಅಚ್ಚು ಮಾಡುವುದು ಈ ಕೈಪಿಡಿಯ ದೊಡ್ಡ ಗುಣ. ಮಿತಿಯ ಅಂಚಿನಿಂದ ನೀವು ಎಷ್ಟು ದೂರದಲ್ಲಿದ್ದೀರಿ ಎಂಬುದು ಕಣ್ಣಿಗೆ ಕಾಣುತ್ತದೆ.

ಎರಡನೆಯದು ಹಾರ್ನಡಿ ಕೈಪಿಡಿ. ಈ ಕಂಪನಿ ತಾನೇ ಗುಂಡು ತಯಾರಿಸುತ್ತದೆ. ಕೋಷ್ಟಕಗಳು ತನ್ನದೇ ಗುಂಡುಗಳಿಗೆ. ಒಟ್ಟು ಉದ್ದವನ್ನು ಪ್ರತಿ ಗುಂಡಿಗೂ ಕೊಟ್ಟಿರುವುದರಿಂದ ಗೊಂದಲ ಕಡಿಮೆ. ಆದರೆ ಕೋಷ್ಟಕದ ಕಂಬಸಾಲುಗಳು ವೇಗವನ್ನು ಅನುಸರಿಸುತ್ತವೆ. ಒತ್ತಡದ ಅಂಕಿ ಇಲ್ಲ. ಓದುಗ ಒತ್ತಡವನ್ನು ಕಂಪನಿಯ ಮೇಲಿನ ನಂಬಿಕೆಯಿಂದಷ್ಟೇ ಒಪ್ಪಿಕೊಳ್ಳಬೇಕು.

ಮೂರನೆಯದು ರಿಚರ್ಡ್ ಲೀ ಅವರ 'ಮಾಡರ್ನ್ ರೀಲೋಡಿಂಗ್'. ಇದರ ಎರಡನೆಯ ಆವೃತ್ತಿ 2003ರಲ್ಲಿ ಬಂತು. ಲೀ ಅವರು ಬೇರೆ ಬೇರೆ ಮದ್ದು ತಯಾರಕರು ಪ್ರಕಟಿಸಿದ ಮಾಹಿತಿಯನ್ನು ಒಂದೆಡೆ ಕಲೆಹಾಕಿದ್ದಾರೆ. ಕೋಷ್ಟಕದಲ್ಲಿ 'ಕನಿಷ್ಠ ಒಟ್ಟು ಉದ್ದ' ಎಂಬ ಕಂಬಸಾಲು ಇದೆ. ಅಪಾಯ ಯಾವ ದಿಕ್ಕಿನಿಂದ ಬರುತ್ತದೆ ಎಂಬುದನ್ನು ಶೀರ್ಷಿಕೆಯಲ್ಲೇ ಹೇಳುವುದರಿಂದ ಇದು ಮೆಚ್ಚತಕ್ಕ ಕ್ರಮ. ಇದಕ್ಕಿಂತ ಗಿಡ್ಡ ಮಾಡಬೇಡಿ ಎಂಬ ಎಚ್ಚರಿಕೆ ಅಲ್ಲಿದೆ. ಆದರೆ ಗುಂಡಿನ ಗುರುತಾಗಿ ಸಾಮಾನ್ಯವಾಗಿ ಅದರ ತೂಕ ಮತ್ತು ಬಗೆಯನ್ನಷ್ಟೇ ಕೊಡಲಾಗಿದೆ. ಇಷ್ಟು ಗ್ರೇನ್ ತೂಕದ ಲೋಹಕವಚದ ಗುಂಡು, ಅಷ್ಟೆ. ಯಾವ ತಯಾರಕರದು, ಮೂತಿ ದುಂಡಗೋ ಚಪ್ಪಟೆಯೋ ಟೊಳ್ಳೋ, ಉದ್ದ ಎಷ್ಟು ಎಂಬುದು ತಿಳಿಯುವುದಿಲ್ಲ.

ಹೀಗೆ ಒಂದೇ ತೋಟಾಕ್ಕೆ ಮೂರು ಮೂಲಗಳಿಂದ ಮೂರು ಬಗೆಯ ಅಂಕಿ ಸಿಗುತ್ತವೆ. ಮಾನಕದ್ದು ಗರಿಷ್ಠ ಮಿತಿ. ಲೈಮನ್ ಮತ್ತು ಹಾರ್ನಡಿಯವರದು ಪರೀಕ್ಷೆಯಲ್ಲಿ ಬಳಸಿದ ಅಳತೆ. ಲೀಯವರದು ಕನಿಷ್ಠ ಮಿತಿ. ಇವುಗಳನ್ನು ಪಕ್ಕಪಕ್ಕ ಬರೆದುಕೊಂಡು ಸರಾಸರಿ ತೆಗೆಯುವವನು ಅಥವಾ ತನಗೆ ಅನುಕೂಲವಾದುದನ್ನು ಆರಿಸಿಕೊಳ್ಳುವವನು, ಕುದಿಬಿಂದು, ಘನೀಕರಣ ಬಿಂದು ಮತ್ತು ಕೊಠಡಿಯ ತಾಪವನ್ನು ಕೂಡಿ ಸರಾಸರಿ ತೆಗೆದಂತೆ.

ಮುಖ್ಯವಾದುದು ಉದ್ದವಲ್ಲ, ಉಳಿದ ಜಾಗ

ಈ ಕೋಷ್ಟಕಗಳ ಮೇಲಿನ ನಮ್ಮ ಮುಖ್ಯ ಆಕ್ಷೇಪ ಇನ್ನೂ ಮೂಲದ್ದು. ಒತ್ತಡವನ್ನು ನಿರ್ಧರಿಸುವುದು ತೋಟಾದ ಒಟ್ಟು ಉದ್ದವಲ್ಲ. ಗುಂಡಿನ ಬುಡದ ಕೆಳಗೆ ಮದ್ದಿಗೆ ಉಳಿದಿರುವ ಜಾಗ. ಆ ಜಾಗ ಗುಂಡು ಚಿಪ್ಪಿನೊಳಗೆ ಎಷ್ಟು ಆಳಕ್ಕೆ ಹೂತಿದೆ ಎಂಬುದನ್ನು ಅವಲಂಬಿಸಿದೆ. ಈ ಸರಳ ಸೂತ್ರವನ್ನು ಬರೆದುಕೊಳ್ಳಿ:

ಹೂತ ಆಳ = ಚಿಪ್ಪಿನ ಉದ್ದ + ಗುಂಡಿನ ಉದ್ದ − ಒಟ್ಟು ಉದ್ದ

ಈ ಸೂತ್ರದಲ್ಲಿ ಗುಂಡಿನ ಉದ್ದ ಬೇಕೇ ಬೇಕು. ಆದರೆ ಮೇಲಿನ ಕೋಷ್ಟಕಗಳಲ್ಲಿ ತೂಕ ಇದೆ, ಒಟ್ಟು ಉದ್ದ ಇದೆ, ಗುಂಡಿನ ಉದ್ದಕ್ಕೆ ಒಂದು ಕಂಬಸಾಲು ಇಲ್ಲ. ಒಂದು ಸಮೀಕರಣದಲ್ಲಿ ಒಂದು ಬೆಲೆಯನ್ನು ಬಿಟ್ಟು ಉತ್ತರ ಕಂಡುಹಿಡಿಯಲು ಹೇಳಿದಂತಾಯಿತು.

ಈಗ ಲೆಕ್ಕ ಹಾಕಿ ನೋಡೋಣ. ದುಂಡು ಮೂತಿಯ ಒಂದು ಗುಂಡಿನ ಉದ್ದ 15.2 ಮಿ.ಮೀ. ಎಂದಿಟ್ಟುಕೊಳ್ಳಿ. ಅದನ್ನು ಗರಿಷ್ಠ ಒಟ್ಟು ಉದ್ದವಾದ 29.69 ಮಿ.ಮೀ.ಗೆ ಕೂರಿಸಿದರೆ ಹೂತ ಆಳ 19.15 + 15.2 − 29.69 = 4.66 ಮಿ.ಮೀ. ಗುಂಡಿನ ವ್ಯಾಸ ಸುಮಾರು 9.02 ಮಿ.ಮೀ. ಆದ್ದರಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 63.9 ಚದರ ಮಿ.ಮೀ. ಹೂತ ಭಾಗ ಆಕ್ರಮಿಸುವ ಗಾತ್ರ ಸುಮಾರು 0.298 ಘನ ಸೆಂ.ಮೀ. ಖಾಲಿ ಚಿಪ್ಪಿನ ಒಟ್ಟು ಗಾತ್ರ ಸುಮಾರು 0.862 ಘನ ಸೆಂ.ಮೀ. ಕಳೆದರೆ ಮದ್ದಿಗೆ ಉಳಿಯುವುದು 0.564 ಘನ ಸೆಂ.ಮೀ. ಒಂದು ಚಹಾ ಚಮಚದಲ್ಲಿ ಹಿಡಿಸುವುದರ ಸುಮಾರು ಒಂಬತ್ತನೆಯ ಒಂದು ಭಾಗ!

ಇನ್ನೊಂದು ಗುಂಡು ಇದೆ ಎನ್ನೋಣ. ತೂಕ ಹೆಚ್ಚುಕಡಿಮೆ ಅಷ್ಟೇ, ಆದರೆ ಮೂತಿ ಮೊಂಡಾಗಿ ಉದ್ದ 14.0 ಮಿ.ಮೀ. ಮಾತ್ರ. ಇದಕ್ಕೆ ಕೈಪಿಡಿ 27.2 ಮಿ.ಮೀ. ಒಟ್ಟು ಉದ್ದ ಹೇಳಿದೆ ಎಂದುಕೊಳ್ಳಿ. ಹೂತ ಆಳ 5.95 ಮಿ.ಮೀ. ಆಯಿತು. ಆ ಗುಂಡಿಗೆ ಅದು ಸರಿಯೇ. ಪರೀಕ್ಷೆ ಅದರಲ್ಲೇ ನಡೆದಿದೆ. ಆದರೆ ತೂಕ ಒಂದೇ ಎಂದು ನಂಬಿದ ಹವ್ಯಾಸಿಯೊಬ್ಬ ಮೊದಲನೆಯ ಉದ್ದನೆ ಗುಂಡನ್ನು 27.2 ಮಿ.ಮೀ.ಗೆ ಕೂರಿಸಿದರೆ? ಹೂತ ಆಳ 19.15 + 15.2 − 27.2 = 7.15 ಮಿ.ಮೀ. ಅಂದರೆ ಇರಬೇಕಾದುದಕ್ಕಿಂತ ಸುಮಾರು 2.5 ಮಿ.ಮೀ. ಹೆಚ್ಚು ಆಳ. ಮದ್ದಿನ ಜಾಗದಲ್ಲಿ ಶೇಕಡ 28ರಷ್ಟು ಮಾಯವಾಯಿತು. ಕ್ಯಾಲಿಪರ್ ಕೋಷ್ಟಕದ ಅಂಕಿಯನ್ನೇ ತೋರಿಸುತ್ತಿದೆ. ತಪ್ಪು ಕೈಯಳತೆಯದ್ದಲ್ಲ, ಅಂಕಿಯ ಅರ್ಥ ತಿಳಿಯದ್ದರ ತಪ್ಪು.

ಜಾಗ ಕಡಿಮೆಯಾದರೆ ಒತ್ತಡ ಏಕೆ ಜೋರಾಗಿ ಏರುತ್ತದೆ? ಬಾಯ್ಲ್ ನಿಯಮ ಇಲ್ಲಿ ಕಥೆಯ ಅರ್ಧ ಮಾತ್ರ. ಅದು ಇರುವ ಅನಿಲವನ್ನು ಅದುಮಿದಾಗ ಆಗುವುದನ್ನು ಹೇಳುತ್ತದೆ. ತೋಟಾದಲ್ಲಿ ಅನಿಲ ಆಗತಾನೆ ಹುಟ್ಟುತ್ತಿರುತ್ತದೆ. ಹೊಗೆರಹಿತ ಮದ್ದನ್ನು 1884ರಲ್ಲಿ ತಯಾರಿಸಿದ ಫ್ರಾನ್ಸಿನ ಪಾಲ್ ವಿಯೇ ಅವರ ಹೆಸರಿನ ನಿಯಮದ ಪ್ರಕಾರ ಮದ್ದಿನ ದಹನದ ವೇಗ ಒತ್ತಡದೊಂದಿಗೆ ಏರುತ್ತದೆ. ಜಾಗ ಕಿರಿದಾದರೆ ಒತ್ತಡ ಬೇಗ ಏರುತ್ತದೆ. ಒತ್ತಡ ಏರಿದರೆ ಮದ್ದು ಇನ್ನೂ ಬೇಗ ಉರಿಯುತ್ತದೆ. ಬೇಗ ಉರಿದರೆ ಗುಂಡು ಮುಂದೆ ಸರಿದು ಜಾಗ ಮಾಡಿಕೊಡುವ ಮೊದಲೇ ಹೆಚ್ಚು ಅನಿಲ ಹುಟ್ಟುತ್ತದೆ. ಕಾರಣ ಕಾರ್ಯವನ್ನು, ಕಾರ್ಯ ಮತ್ತೆ ಕಾರಣವನ್ನು ಬೆಳೆಸುವ ಚಕ್ರ ಇದು. ಚಿಪ್ಪಿನ ಬುಡದ ಬಳಿ ನಳಿಗೆಯ ಆಸರೆ ಇಲ್ಲದ ಸಣ್ಣ ಭಾಗವೊಂದು ಹಲವು ಪಿಸ್ತೂಲುಗಳಲ್ಲಿ ಇರುತ್ತದೆ. ಮಿತಿ ಮೀರಿದರೆ ಹಿತ್ತಾಳೆ ಮೊದಲು ಹರಿಯುವುದು ಅಲ್ಲೇ. ಆಗ ಬಿಸಿ ಅನಿಲ ಮ್ಯಾಗಜಿನ್ ದಾರಿಯಾಗಿ ಕೈಯ ಕಡೆಗೆ ನುಗ್ಗುತ್ತದೆ.

ಒಂದು ಪ್ರಸಿದ್ಧ ಹೇಳಿಕೆಯ ಪರೀಕ್ಷೆ

ಈ ವಿಷಯದ ಚರ್ಚೆ ಬಂದಲ್ಲೆಲ್ಲ ಒಂದು ಹೇಳಿಕೆಯನ್ನು ಉದಾಹರಿಸುವುದು ವಾಡಿಕೆ. ಸ್ಪೀರ್ ಕಂಪನಿಯ ಹಳೆಯ ಕೈಪಿಡಿಯದ್ದೆಂದು ಅದನ್ನು ಹೇಳುತ್ತಾರೆ. ಅದರ ಸಾರಾಂಶ ಇಷ್ಟು: 9 ಮಿ.ಮೀ. ತೋಟಾದಲ್ಲಿ 28,000 ಮಾನದ ಒತ್ತಡ ಕೊಡುತ್ತಿದ್ದ ಮದ್ದು, ಗುಂಡನ್ನು ಬೇಕೆಂದೇ 0.030 ಅಂಗುಲ ಹೆಚ್ಚು ಆಳಕ್ಕೆ ಒತ್ತಿದಾಗ 62,000 ಮಾನದ ಒತ್ತಡ ಕೊಟ್ಟಿತು. ಇಲ್ಲಿ ಮಾನ ಎಂದರೆ ತಾಮ್ರದ ಪುಟ್ಟ ತುಂಡು ಎಷ್ಟು ಜಜ್ಜಿತು ಎಂಬುದರಿಂದ ಒತ್ತಡವನ್ನು ಅಂದಾಜು ಮಾಡುವ ಹಳೆಯ ಪದ್ಧತಿಯ ಅಂಕಿ. ಆ ಪದ್ಧತಿಯಲ್ಲಿ ಈ ತೋಟಾದ ಮಿತಿ 33,000. ಅಂದರೆ ಮಿತಿಯೊಳಗಿದ್ದುದು ಒಮ್ಮೆಗೇ ಮಿತಿಯ ಸುಮಾರು ಎರಡು ಪಟ್ಟಿಗೆ ನೆಗೆಯಿತು.

ಎಚ್ಚರಿಕೆ ಕೊಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದ್ದರಿಂದಲೇ ಅದು ಬಾಯಿಂದ ಬಾಯಿಗೆ ಹರಡಿದೆ. ಆದರೆ ವಿಜ್ಞಾನದ ಓದುಗರು ಒಳ್ಳೆಯ ಉದ್ದೇಶದ ಅಂಕಿಯನ್ನೂ ಪರೀಕ್ಷಿಸಬೇಕು.

0.030 ಅಂಗುಲ ಎಂದರೆ 0.76 ಮಿ.ಮೀ. ನಮ್ಮ ಮೊದಲನೆಯ ಗುಂಡಿನ ಲೆಕ್ಕದಲ್ಲಿ ಇದರಿಂದ ಕಡಿಮೆಯಾಗುವ ಗಾತ್ರ ಸುಮಾರು 0.049 ಘನ ಸೆಂ.ಮೀ. ಉಳಿದ ಜಾಗ 0.564ರಿಂದ 0.515ಕ್ಕೆ ಇಳಿಯುತ್ತದೆ. ಇವುಗಳ ಅನುಪಾತ 1.095. ಕೇವಲ ಬಾಯ್ಲ್ ನಿಯಮವಾದರೆ ಒತ್ತಡ ಶೇಕಡ ಒಂಬತ್ತೂವರೆಯಷ್ಟು ಏರಬೇಕು. ಹೇಳಿಕೆಯಲ್ಲಿ ಏರಿಕೆಯ ಅನುಪಾತ 62 ÷ 28 = 2.214. ಈಗ ಲಾಗರಿತಮ್ ಕೋಷ್ಟಕ ತೆರೆಯಿರಿ. 2.214ರ ಲಾಗ್ 0.3452. 1.095ರ ಲಾಗ್ 0.0394. ಭಾಗಿಸಿದರೆ 8.8. ಅಂದರೆ ಈ ಹೇಳಿಕೆ ಎಲ್ಲ ಸಂದರ್ಭಕ್ಕೂ ನಿಯಮವಾಗಬೇಕಾದರೆ ಒತ್ತಡವು ಗಾತ್ರದ ಸುಮಾರು ಒಂಬತ್ತನೆಯ ಘಾತಕ್ಕೆ ವಿಲೋಮವಾಗಿ ಬದಲಾಗಬೇಕು!

ನಾವು ಆರಿಸಿದ ಗುಂಡು ಇದಕ್ಕೆ ಕಾರಣವಿರಬಹುದೇ? ಇನ್ನೂ ಉದ್ದವಾದ, 16.8 ಮಿ.ಮೀ.ನ ಗುಂಡನ್ನು 28.5 ಮಿ.ಮೀ. ಒಟ್ಟು ಉದ್ದಕ್ಕೆ ಕೂರಿಸಿದ ಲೆಕ್ಕ ಮಾಡಿ. ಉಳಿದ ಜಾಗ ಸುಮಾರು 0.386 ಘನ ಸೆಂ.ಮೀ. ಮಾತ್ರ. ಅದರಲ್ಲಿ 0.049 ಹೋದರೆ ಅನುಪಾತ 1.145. ಆಗಲೂ ಘಾತ ಸುಮಾರು ಆರು. ಒಂದೇ ಹೇಳಿಕೆ ಒಂದು ಗುಂಡಿಗೆ ಒಂಬತ್ತು, ಇನ್ನೊಂದಕ್ಕೆ ಆರು ಎಂಬ ಘಾತ ಬೇಡುತ್ತದೆ. ಗುಂಡು ಯಾವುದು, ಮದ್ದು ಯಾವುದು, ಎಷ್ಟು ತೋಟಾಗಳ ಸರಾಸರಿ ಎಂಬ ವಿವರ ಪ್ರಚಲಿತ ಹೇಳಿಕೆಯಲ್ಲಿ ಬರುವುದಿಲ್ಲ. ಹಾಗಾಗಿ ಅದನ್ನು ಒಂದು ನಿರ್ದಿಷ್ಟ ಸಂದರ್ಭದ ಸಾಕ್ಷಿ ಎಂದು ಒಪ್ಪಬಹುದೇ ಹೊರತು ಸಾಮಾನ್ಯ ನಿಯಮ ಎಂದು ಬಳಸಲು ಬಾರದು. ಅದನ್ನು ಮೂರು ಭಾಗ ಮಾಡಿ, 0.010 ಅಂಗುಲಕ್ಕೆ ಇಷ್ಟು ಏರಿಕೆ ಎಂದು ತ್ರೈರಾಶಿ ಹಾಕುವುದಂತೂ ಪೂರ್ತಿ ತಪ್ಪು. ಚಕ್ರದಂತೆ ಬೆಳೆಯುವ ಕ್ರಿಯೆ ಸರಳ ರೇಖೆಯಲ್ಲಿ ನಡೆಯುವುದಿಲ್ಲ.

ಹಾಗಾದರೆ ಎಚ್ಚರಿಕೆ ಸುಳ್ಳೇ? ಅಲ್ಲ. ಇಲ್ಲಿ ಓದುಗರು ಇನ್ನೊಂದು ತಪ್ಪಿಗೆ ಜಾರಬಾರದು. ವಾದಕ್ಕಾಗಿ ಒತ್ತಡವು ಗಾತ್ರದ ವರ್ಗಕ್ಕೆ ಮಾತ್ರ ವಿಲೋಮ ಎಂದುಕೊಳ್ಳಿ. 1.095ರ ವರ್ಗ 1.20. ಗರಿಷ್ಠ ಮಿತಿಯ ತೋಟಾ 35,000ರಿಂದ 42,000ಕ್ಕೆ ಹೋಯಿತು. ಘನಕ್ಕೆ ವಿಲೋಮವಾದರೆ 1.31; ಒತ್ತಡ 45,000 ದಾಟಿತು. ಯುರೋಪಿನ ಮಾನಕ ಸಂಸ್ಥೆಯಾದ ಸಿಐಪಿ (ಸ್ಥಾಪನೆ 1914) ವ್ಯವಸ್ಥೆಯಲ್ಲಿ ಹೊಸ ಪಿಸ್ತೂಲನ್ನು ಮಾರುವ ಮುನ್ನ ಮಿತಿಗಿಂತ ಶೇಕಡ 30 ಹೆಚ್ಚು ಒತ್ತಡದ ವಿಶೇಷ ತೋಟಾಗಳಿಂದ ಪರೀಕ್ಷಿಸಲಾಗುತ್ತದೆ. ಅದು ತಜ್ಞರು ರಕ್ಷಣೆಯ ಮರೆಯಲ್ಲಿ ನಿಂತು ಮಾಡುವ ಪರೀಕ್ಷೆ. ಮುಕ್ಕಾಲು ಮಿಲಿಮೀಟರ್ ಹೆಚ್ಚು ಒತ್ತಿದ್ದರಿಂದ ಅದೇ ಒತ್ತಡವನ್ನು ಹವ್ಯಾಸಿ ತನ್ನ ಅಂಗೈಯಲ್ಲಿ ಎದುರಿಸಬೇಕಾಗಬಹುದು ಎಂಬುದೇ ಸಾಕಷ್ಟು ಗಂಭೀರ. ಹೆದರಿಸಲು ಎರಡು ಪಟ್ಟಿನ ಕಥೆ ಬೇಕಾಗಿಲ್ಲ. ಉತ್ಪ್ರೇಕ್ಷೆಯಿಂದ ಆಗುವ ನಷ್ಟ ಬೇರೆ: ಒಮ್ಮೆ ಸ್ವಲ್ಪ ಆಳಕ್ಕೆ ಹೋದ ತೋಟಾ ಸಿಡಿಯದೆ ಉಳಿದರೆ, ಹವ್ಯಾಸಿ ಎಚ್ಚರಿಕೆಯನ್ನೇ ಪೂರ್ತಿ ತಳ್ಳಿಹಾಕುತ್ತಾನೆ.

ಎರಡು ಗೋಡೆಗಳ ನಡುವೆ

ಆಳ ಹೆಚ್ಚಾದರೆ ಅಪಾಯ ಎಂದರೆ, ಉದ್ದವಾದಷ್ಟೂ ಕ್ಷೇಮ ಎಂದು ತಿಳಿಯುವವರಿದ್ದಾರೆ. ಅದೂ ಸರಿಯಲ್ಲ. ನಳಿಗೆಯ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಚೇಂಬರ್‌ನ ಸ್ವಲ್ಪ ಮುಂದಿನಿಂದ ಆರಂಭವಾಗುತ್ತವೆ. ತೋಟಾ ಉದ್ದವಾಗಿದ್ದು ಗುಂಡಿನ ಭುಜ ಆ ಗೆರೆಗಳಿಗೆ ತಾಗಿಕೊಂಡಿದ್ದರೆ ಮೂರು ತೊಂದರೆಗಳು. ಪಿಸ್ತೂಲು ಪೂರ್ತಿ ಮುಚ್ಚಿಕೊಳ್ಳದಿರಬಹುದು. ಮುಚ್ಚಿಕೊಂಡರೂ ಗುಂಡು ಓಟವಿಲ್ಲದೆ ನಿಂತಲ್ಲಿಂದಲೇ ಗೆರೆಗಳನ್ನು ಕೊರೆಯಬೇಕಾಗಿ ಒತ್ತಡ ಏರುತ್ತದೆ. ಹಾರಿಸದೆ ತೋಟಾವನ್ನು ಹೊರತೆಗೆದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು ಚಿಪ್ಪು ಮಾತ್ರ ಬರಬಹುದು.

ಇಲ್ಲಿ ತಾಗುವುದು ಮೂತಿಯ ತುದಿಯಲ್ಲ, ಭುಜ. ಒಟ್ಟು ಉದ್ದ ಅಳೆಯುವುದು ತುದಿಯವರೆಗೆ. ಚೂಪು ಮೂತಿಯ ಗುಂಡು 29 ಮಿ.ಮೀ.ಗೂ ತಾಗದೆ ಇರಬಹುದು; ದಪ್ಪ ಭುಜದ ಗುಂಡು ಅದಕ್ಕಿಂತ ಬಹಳ ಗಿಡ್ಡವಾಗಿದ್ದರೂ ತಾಗಬಹುದು. ಇನ್ನೊಮ್ಮೆ ಅದೇ ದೋಷ: ಸುಲಭವಾಗಿ ಅಳೆಯಬಹುದಾದುದನ್ನು ಅಳೆದು, ಅಳೆಯಬೇಕಾದುದರ ಜಾಗದಲ್ಲಿ ಕೂರಿಸಲಾಗಿದೆ.

ಈ ಮೇಲಿನ ಗೋಡೆಯನ್ನು ಯಾವ ಕೋಷ್ಟಕವೂ ಹೇಳಲಾರದು, ಏಕೆಂದರೆ ಅದು ಪ್ರತಿ ಪಿಸ್ತೂಲಿಗೂ ಬೇರೆ. ಅನುಭವಿಗಳು ಅದನ್ನು ಹೀಗೆ ಕಂಡುಕೊಳ್ಳುತ್ತಾರೆ. ಮದ್ದೂ ಪ್ರೈಮರೂ ಇಲ್ಲದ ಖಾಲಿ ಮಾದರಿ ತೋಟಾ ಮಾಡಿ, ಪಿಸ್ತೂಲಿನಿಂದ ಬಿಚ್ಚಿದ ನಳಿಗೆಯೊಳಗೆ ಬಿಡುತ್ತಾರೆ. ಅದು ತನ್ನ ಭಾರದಿಂದಲೇ 'ಟಕ್' ಎಂದು ಬುಡಕ್ಕೆ ಬೀಳಬೇಕು, ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ನಳಿಗೆಯನ್ನು ಬೋರಲು ಹಾಕಿದರೆ ತಾನಾಗಿ ಹೊರಬೀಳಬೇಕು. ಹೀಗಾಗುವ ಅತಿ ಹೆಚ್ಚು ಉದ್ದವನ್ನು ಗುರುತಿಸಿ, ಅದಕ್ಕಿಂತ ಸ್ವಲ್ಪ ಕಡಿಮೆಯೇ ತಮ್ಮ ಮೇಲಿನ ಮಿತಿ ಎಂದು ಇಟ್ಟುಕೊಳ್ಳುತ್ತಾರೆ. ಅದು ಮ್ಯಾಗಜಿನ್‌ಗೆ ಹಿಡಿಸುವಂತೆಯೂ ಮಾನಕದ ಗರಿಷ್ಠವನ್ನು ಮೀರದಂತೆಯೂ ಇರಬೇಕು.

ಕೆಳಗಿನ ಗೋಡೆ ಎಂದರೆ ಅದೇ ಗುಂಡಿಗೆ, ಅದೇ ಮದ್ದಿಗೆ ಕೈಪಿಡಿಯವರು ಪರೀಕ್ಷೆಯಲ್ಲಿ ಬಳಸಿದ ಉದ್ದ. ಅದಕ್ಕಿಂತ ಗಿಡ್ಡವಾದರೆ ಕೈಪಿಡಿಯ ಗರಿಷ್ಠ ಪ್ರಮಾಣಕ್ಕೆ ಅರ್ಥವೇ ಉಳಿಯುವುದಿಲ್ಲ. ಸುರಕ್ಷಿತ ಉದ್ದ ಈ ಎರಡು ಗೋಡೆಗಳ ನಡುವೆ ಇದೆ. ಒಂದು ವೇಳೆ ಪಿಸ್ತೂಲು ಒಪ್ಪುವ ಗರಿಷ್ಠ ಉದ್ದವೇ ಕೈಪಿಡಿಯ ಉದ್ದಕ್ಕಿಂತ ಕಡಿಮೆ ಇದ್ದರೆ? ಆಗ ನಡುವೆ ಜಾಗವೇ ಇಲ್ಲ. ಆ ಗುಂಡು ಆ ಪಿಸ್ತೂಲಿಗೆ ಆ ಕೋಷ್ಟಕದ ಪ್ರಕಾರ ಹೊಂದುವುದಿಲ್ಲ ಎಂಬುದೇ ಸರಿಯಾದ ಉತ್ತರ. ಪರಿಹಾರವಿಲ್ಲದ ಸಮೀಕರಣಕ್ಕೆ ಪರಿಹಾರವಿಲ್ಲ ಎಂದು ಬರೆಯುವ ಧೈರ್ಯ ವಿದ್ಯಾರ್ಥಿಗೆ ಬೇಕಾದಂತೆ ಹವ್ಯಾಸಿಗೂ ಬೇಕು. ಬೇರೆ ಗುಂಡು ಅಥವಾ ಗಿಡ್ಡ ಉದ್ದದಲ್ಲಿ ಪರೀಕ್ಷಿಸಿದ ಬೇರೆ ಮಾಹಿತಿ ಹುಡುಕಬೇಕೇ ಹೊರತು ನಡುವೆ ರಾಜಿ ಮಾಡಬಾರದು.

ಉದ್ದವನ್ನು ಸರಿಯಾಗಿ ಆರಿಸಿದರೂ ಅದು ಹಾಗೆಯೇ ಉಳಿಯುತ್ತದೆ ಎಂಬ ಖಾತರಿ ಇಲ್ಲ. ಮ್ಯಾಗಜಿನ್‌ನಿಂದ ಚೇಂಬರ್‌ಗೆ ಏರುವಾಗ ಗುಂಡಿನ ಮೂತಿ ಇಳಿಜಾರಿಗೆ ಬಡಿಯುತ್ತದೆ. ಚಿಪ್ಪಿನ ಹಿಡಿತ ಸಡಿಲವಿದ್ದರೆ ಗುಂಡು ಒಳಕ್ಕೆ ಸರಿಯುತ್ತದೆ. ಒಂದೇ ತೋಟಾವನ್ನು ಮತ್ತೆ ಮತ್ತೆ ಚೇಂಬರ್‌ಗೆ ಏರಿಸಿ ಇಳಿಸಿದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಗಿಡ್ಡವಾಗಬಹುದು. ಕಾರ್ಖಾನೆಯ ತೋಟಾಕ್ಕೂ ಇದು ತಪ್ಪಿದ್ದಲ್ಲ. ಏರಿಸಿ ಇಳಿಸಿದ ತೋಟಾವನ್ನು ಮತ್ತೆ ಅಳೆಯುವುದು, ಗಿಡ್ಡವಾದುದನ್ನು ಬಳಸದಿರುವುದು ಇದಕ್ಕೆ ಉಪಾಯ. ಕೈಪಿಡಿಗಳ ಕೋಷ್ಟಕ ತೋಟಾ ತಯಾರಾದ ಕ್ಷಣದ ಉದ್ದವನ್ನು ಹೇಳುತ್ತದೆ. ಒತ್ತಡ ನಿರ್ಧಾರವಾಗುವುದು ಹಾರಿಸುವ ಕ್ಷಣದ ಉದ್ದದಿಂದ.

ನಿಯಮದ ಎಲ್ಲೆಯನ್ನೂ ಹೇಳಬೇಕು

ಚಿಕ್ಕ ಚಿಪ್ಪಿನ ಪಿಸ್ತೂಲಿನ ಈ ನಿಯಮವನ್ನು ಎಲ್ಲೆಡೆ ಹಚ್ಚಬಾರದು. ರೈಫಲ್‌ನ ದೊಡ್ಡ ಚಿಪ್ಪಿನಲ್ಲಿ ಮುಕ್ಕಾಲು ಮಿಲಿಮೀಟರ್‌ನಿಂದ ಗಾತ್ರದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಅಲ್ಲಿ ಗುಂಡನ್ನು ಗೆರೆಗಳಿಂದ ಸ್ವಲ್ಪ ಹಿಂದಕ್ಕೆ ಸರಿಸಿದರೆ, ಒಂದು ಹಂತದವರೆಗೆ ಒತ್ತಡ ಇಳಿಯುವುದೂ ಉಂಟು. ನಮ್ಮ ಮಲೆನಾಡಿನ ಹಳೆಯ ಕೇಪಿನ ಕೋವಿಯಲ್ಲಿ ನಿಯಮ ಪೂರ್ತಿ ತಿರುಗುಮುರುಗು: ಕರಿಮದ್ದಿನ ಮೇಲೆ ಗುಂಡನ್ನು ಗಜದಿಂದ ತಳದವರೆಗೆ ಒತ್ತಿ ಕೂರಿಸಬೇಕು, ನಡುವೆ ತೆರಪು ಉಳಿದರೆ ನಳಿಗೆ ಉಬ್ಬುವ ಅಪಾಯವಿದೆ. ಆಳಕ್ಕೆ ಒತ್ತುವುದು ಒಂದೆಡೆ ರಕ್ಷಣೆ, ಇನ್ನೊಂದೆಡೆ ಅಪಾಯ. ಯಾವ ಮದ್ದು, ಎಷ್ಟು ದೊಡ್ಡ ಕೋಣೆ, ಯಾವ ಆಯುಧ ಎಂಬ ಷರತ್ತುಗಳಿಲ್ಲದ ಸೂತ್ರ ಅರ್ಧ ಸೂತ್ರ.

ಇಷ್ಟು ಹೇಳಿದ ಮೇಲೆ ಕೈಪಿಡಿಗಳ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಅವು ಬೇಜವಾಬ್ದಾರಿಯ ಪುಸ್ತಕಗಳಲ್ಲ. ಅವುಗಳ ಮುನ್ನುಡಿ ಭಾಗಗಳಲ್ಲಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ಬಿಡಿಭಾಗ ಬದಲಿಸಬೇಡಿ ಎಂಬ ಎಚ್ಚರಿಕೆಗಳಿವೆ. ಆದರೆ ಜನ ಮುನ್ನುಡಿ ಓದಿ ಕೆಲಸ ಮಾಡುವುದಿಲ್ಲ. ಕೋಷ್ಟಕ ತೆರೆದಿಟ್ಟು ಕೆಲಸ ಮಾಡುತ್ತಾರೆ. ಹಾಗಾಗಿ ಎಚ್ಚರಿಕೆ ಕೋಷ್ಟಕದೊಳಗೇ ಇರಬೇಕು. ಕೋಷ್ಟಕದಲ್ಲಿ ನಾಲ್ಕು ವಿಷಯ ಕಾಣಿಸಿದರೆ ಸಾಕು: ಗುಂಡಿನ ತಯಾರಕರ ಹೆಸರು ಮತ್ತು ಆಕಾರ, ಗುಂಡಿನ ಉದ್ದ, ಪರೀಕ್ಷೆಯಲ್ಲಿ ಹೂತ ಆಳ, ಅಳೆದ ಒತ್ತಡ. ಒಟ್ಟು ಉದ್ದ ಇವುಗಳಿಂದ ತಾನಾಗಿ ಬರುತ್ತದೆ. ಇವುಗಳಿಲ್ಲದ ಒಟ್ಟು ಉದ್ದದಿಂದ ಇವು ಯಾವುವೂ ಬರುವುದಿಲ್ಲ. ಲೈಮನ್ ಇದರ ಹತ್ತಿರ ಬಂದಿದೆ. ಲೀಯವರ 'ಕನಿಷ್ಠ' ಎಂಬ ಶೀರ್ಷಿಕೆಯನ್ನು ಲೈಮನ್‌ನ ಗುಂಡಿನ ವಿವರದೊಂದಿಗೆ ಸೇರಿಸಿದರೆ ಒಳ್ಳೆಯ ಕೋಷ್ಟಕ ಆಗುತ್ತದೆ.

ತರಗತಿಯಲ್ಲಿ ಇದನ್ನು ತೋರಿಸಲು ಮದ್ದು ಗುಂಡು ಯಾವುದೂ ಬೇಡ. ಒಂದು ಚಿಕ್ಕ ಪ್ರನಾಳ, ಒಂದು ದೊಡ್ಡ ಪ್ರನಾಳ ಮತ್ತು ಬೇರೆ ಬೇರೆ ಉದ್ದದ ರಬ್ಬರ್ ಬಿರಡೆಗಳನ್ನು ತೆಗೆದುಕೊಳ್ಳಿ. ಬಿರಡೆ ಎಲ್ಲಿಯವರೆಗೆ ಇಳಿಯುತ್ತದೆ ಎಂದು ಗುರುತು ಹಾಕಿ, ಆ ಗುರುತಿನವರೆಗೆ ನೀರು ತುಂಬಿ ಅಳೆಯುವ ಜಾಡಿಗೆ ಸುರಿದು, ಉಳಿದ ಗಾತ್ರ ಕಂಡುಹಿಡಿಯಿರಿ. ಪ್ರನಾಳ ಮತ್ತು ಬಿರಡೆ ಸೇರಿದ ಒಟ್ಟು ಉದ್ದ ಒಂದೇ ಇರುವಂತೆ ಎರಡು ಬಿರಡೆಗಳನ್ನು ಕೂರಿಸಿ ನೋಡಿ; ಒಳಗಿನ ಗಾತ್ರ ಬೇರೆಯಾಗಿರುವುದು ತಿಳಿಯುತ್ತದೆ. ಅನಂತರ ಅದೇ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಚಿಕ್ಕ ಪ್ರನಾಳದಲ್ಲಿ ಶೇಕಡ ಎಷ್ಟು, ದೊಡ್ಡದರಲ್ಲಿ ಶೇಕಡ ಎಷ್ಟು ಎಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಿ. ನಿರಪೇಕ್ಷ ದೋಷ ಒಂದೇ ಇದ್ದರೂ ಸಾಪೇಕ್ಷ ದೋಷ ಏಕೆ ಬೇರೆ ಎಂಬ ಪಾಠ ಅವರಿಗೆ ಮರೆಯದು.

ಮುಂದೆ ಯಾವ ಕೋಷ್ಟಕ ತೆರೆದರೂ, ಔಷಧದ ಪ್ರಮಾಣದ್ದಾಗಲಿ, ವಿದ್ಯುತ್ ತಂತಿಯ ದಪ್ಪದ್ದಾಗಲಿ, ಅಂಕಿಯನ್ನು ಬರೆದುಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ಮಿತಿಯೋ ಅಳತೆಯೋ? ಯಾವ ಷರತ್ತಿನಲ್ಲಿ? ಮುಖ್ಯವಾದುದನ್ನೇ ಅಳೆದಿದ್ದಾರೆಯೇ, ಅದರ ಬದಲಿಗೆ ಅಳೆಯಲು ಸುಲಭವಾದುದನ್ನೇ? ಉತ್ತರ ಸಿಗದಿದ್ದರೆ ಆ ಅಂಕಿಯನ್ನು ನಂಬಿ ಕೈ ಮುಂದೆ ಮಾಡಬೇಡಿ.